ನೆಲದ ಮೇಲಿದ್ದ ಆರನೆಯ ಸೆನ್ಸರು

ಪೆಟ್ಟಿಗೆಯಲ್ಲಿ ಆರು ಸೆನ್ಸರುಗಳಿದ್ದವು. ಐದನ್ನು ನಾನು ನಿಂಬೆವ್ವನ ಮೈಗೆ ಕಟ್ಟಿದೆ. ಆರನೆಯದರ ಪಟ್ಟಿ ಹರಿದಿದ್ದರಿಂದ ಅದನ್ನು ಗೋಡೆಯ ಬದಿಗೆ ನೆಲದ ಮೇಲಿಟ್ಟೆ. ಆ ದಿನ ನಿಜವಾಗಿ ನಡೆದದ್ದನ್ನು ಕಂಡದ್ದು ಆ ಆರನೆಯದೊಂದೇ. ಅದು ಕಂಡದ್ದನ್ನು ತೆರೆದು ನೋಡಲು ನನಗೆ ಏಳು ತಿಂಗಳು ಹಿಡಿಯಿತು.

ನಮ್ಮ ಊರು ವಾಲುತ್ತದೆ. ನಸುಕಿನಲ್ಲಿ ಮೂಡಣಕ್ಕೆ ವಾಲಿಕೊಂಡಿರುವ ನೆಲ ಹೊತ್ತೇರಿದಂತೆ ಮೆಲ್ಲಮೆಲ್ಲನೆ ಏಳುತ್ತದೆ. ನಡುಹಗಲಿನ ಸುಮಾರಿಗೆ ಅರ್ಧ ತಾಸು ಮಟ್ಟವಾಗಿ ನಿಲ್ಲುತ್ತದೆ. ಆಮೇಲೆ ಪಡುವಣಕ್ಕೆ ಇಳಿಯತೊಡಗುತ್ತದೆ. ಆ ಅರ್ಧ ತಾಸಿಗೆ ನಾವು ನಡುಮಟ್ಟ ಎನ್ನುತ್ತೇವೆ. ಪರವೂರಿನಿಂದ ಬಂದವರು ಮೊದಲೆರಡು ದಿನ ಗೋಡೆ ಹಿಡಿದು ನಡೆಯುತ್ತಾರೆ, ಮೂರನೆಯ ದಿನ ಗೋಡೆಯನ್ನು ಮರೆಯುತ್ತಾರೆ. ನಾವಂತೂ ಅದರಲ್ಲೇ ಹುಟ್ಟಿದವರು. ಮಂಚದ ಕಾಲಿಗೆ ಬೆಳಗಿನ ಬೆಣೆ ಬೇರೆ, ಸಂಜೆಯ ಬೆಣೆ ಬೇರೆ. ಚಹದಂಗಡಿಯವರು ಕಪ್ಪನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಿಸುವುದಿಲ್ಲ; ಹೊಸಬರು ಜಗಳಕ್ಕೆ ನಿಂತರೆ ‘ಉಳಿದ ಕಾಲುಭಾಗ ನೆಲದ್ದರಿ’ ಎಂದು ನಗುತ್ತಾರೆ. ರೊಟ್ಟಿ ಪಲ್ಯವನ್ನು ಯಾವ ಹೊತ್ತಿಗಾದರೂ ತಿನ್ನಬಹುದು. ಅನ್ನ ಸಾರಿನ ಊಟ ಮಾತ್ರ ನಡುಮಟ್ಟದಲ್ಲೇ ಮುಗಿಯಬೇಕು. ಗೌಂಡಿಗಳು ಕಲ್ಲಿನ ಸಾಲು ಕೂಡಿಸುವುದು, ಗಾಣದವರು ಎಣ್ಣೆ ಅಳೆದು ಕೊಡುವುದು, ತಾಯಂದಿರು ಹೊಸದಾಗಿ ಹೆಜ್ಜೆಯಿಡುವ ಮಗುವಿನ ಕೈ ಬಿಡುವುದು ಎಲ್ಲವೂ ಆ ಅರ್ಧ ತಾಸಿನಲ್ಲೇ.

ಆದರೆ ನಡುಮಟ್ಟ ಬಂತೆಂಬುದು ನಮಗೆ ತಾನಾಗಿ ತಿಳಿಯುವುದಿಲ್ಲ. ಹುಟ್ಟಿನಿಂದ ವಾಲಿ ವಾಲಿ ನಡೆದ ಮೈಗೆ ಮೂರು ನಾಲ್ಕು ಡಿಗ್ರಿಯ ಹೆಚ್ಚುಕಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಮೇಲಾಗಿ ನಡುಮಟ್ಟದ ಹೊತ್ತು ಋತು ಬದಲಾದಂತೆ ದಿನಕ್ಕಿಷ್ಟು ಹಿಂದೆ ಮುಂದೆ ಸರಿಯುತ್ತದೆ. ಅದಕ್ಕಾಗಿಯೇ ಊರ ನಡುವೆ ಮಟ್ಟದ ಬುರುಜು ಇದೆ. ಅರವತ್ತೆರಡು ಮೆಟ್ಟಿಲು ಹತ್ತಿದರೆ ಮೇಲೊಂದು ಕಲ್ಲುಚಪ್ಪಡಿ, ಒಂದು ತಾಮ್ರದ ತಟ್ಟೆಯಲ್ಲಿ ನೀರು, ತೂಗುಬಿಟ್ಟ ದೊಡ್ಡ ಜಾಗಟೆ. ನಡುಮಟ್ಟ ಶುರುವಾದಾಗ ಒಂದು ಪೆಟ್ಟು, ಮುಗಿದಾಗ ಎರಡು ಪೆಟ್ಟು. ಹತ್ತೊಂಬತ್ತು ವರ್ಷ ಆ ಜಾಗಟೆಯನ್ನು ಬಾರಿಸಿದವಳು ನಿಂಬೆವ್ವ. ತಟ್ಟೆಯ ನೀರನ್ನು ಆಕೆ ನೋಡುತ್ತಿರಲಿಲ್ಲವೆಂದು ಊರೇ ಹೇಳುತ್ತದೆ. ಬರಿಗಾಲಲ್ಲಿ ಚಪ್ಪಡಿಯ ಮೇಲೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಪಾದಕ್ಕೆ ತಿಳಿದೊಡನೆ ಕೊಡತಿ ಎತ್ತುತ್ತಿದ್ದಳು.

ಒಂದು ದಿನ ಇಳಿಯುವಾಗ ಮೆಟ್ಟಿಲಿನ ಕಲ್ಲೊಂದು ಸಡಿಲಿ ಹನ್ನೊಂದು ಮೆಟ್ಟಿಲು ಉರುಳಿದಳು. ಟೊಂಕದ ಮೇಲೆ ಬೆನ್ನುಮೂಳೆ ಮುರಿದು ಒಳಗಿನ ಹುರಿಗೆ ಪೆಟ್ಟಾಯಿತು. ಹುರಿ ಪೂರ್ತಿ ಹರಿದಿರಲಿಲ್ಲ, ಅದೊಂದು ಪುಣ್ಯ. ಎರಡು ತಿಂಗಳು ಮಲಗಿದಲ್ಲೇ ಇದ್ದು, ಆಮೇಲೆ ಕುಳಿತು, ಆಮೇಲೆ ಕಂಬಿ ಹಿಡಿದು ನಿಂತು, ಕೊನೆಗೆ ಎರಡೂ ಕಾಲಿಗೆ ಪಟ್ಟಾ ಬಿಗಿದುಕೊಂಡು ಒಂದು ಕೋಲಿನ ಆಸರೆಯಲ್ಲಿ ನಡೆಯಲು ಕಲಿತಳು. ಪಾದದಡಿಯ ಸ್ಪರ್ಶ ಮಾತ್ರ ತಿರುಗಿ ಬರಲಿಲ್ಲ.

ನಾನು ನಮ್ಮ ಆಸ್ಪತ್ರೆಯ ನಡಿಗೆಕೋಣೆಯ ಟೆಕ್ನಿಶಿಯನ್. ಬೆನ್ನುಹುರಿಗೆ ಪೆಟ್ಟಾದವರ ನಡಿಗೆಯನ್ನು ಅಳೆಯುವುದು ನನ್ನ ಕೆಲಸ. ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರುಗಳನ್ನು ಎರಡು ಪಾದಗಳಿಗೆ, ಎರಡು ಕಣಕಾಲುಗಳಿಗೆ, ಸೊಂಟಕ್ಕೊಂದು ಕಟ್ಟುತ್ತೇನೆ. ಯಾವುದು ಎಷ್ಟು ಬಾಗಿತು, ಎಷ್ಟು ಬೇಗ ತಿರುಗಿತು ಎಂಬುದನ್ನು ಅವು ಕಂಪ್ಯೂಟರಿಗೆ ಕಳಿಸುತ್ತವೆ. ಹೆಜ್ಜೆಯ ಉದ್ದ, ಪಾದ ಎತ್ತಿದ ಎತ್ತರ, ಎಡಗಾಲಿಗೂ ಬಲಗಾಲಿಗೂ ಇರುವ ವ್ಯತ್ಯಾಸ ಎಲ್ಲ ಅಂಕಿಗಳಾಗಿ ಮೂಡುತ್ತವೆ. ಕಣ್ಣಿಗೆ ಕಾಣದ ಎಳೆತ ಅಲ್ಲಿ ಕಾಣುತ್ತದೆ. ಆದರೆ ಆ ಯಂತ್ರವನ್ನು ಮಾಡಿದವರು ಅಲ್ಲಾಡದ ನೆಲದ ಮೇಲೆ ಬದುಕುವವರು. ನೆಲ ಮಟ್ಟವಾಗಿದೆ ಎಂದು ನಂಬಿಕೊಂಡೇ ಅದು ಲೆಕ್ಕ ಹಾಕುತ್ತದೆ. ಹಾಗಾಗಿ ನಮ್ಮ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಇಂದುಧರ ಒಂದು ನೇಮ ಮಾಡಿದ್ದರು: ಮೊದಲ ಜಾಗಟೆಗಿಂತ ಮುಂಚೆ ಅಳತೆ ಶುರುವಾಗಕೂಡದು, ಎರಡನೆಯ ಜಾಗಟೆಯ ಮೇಲೆ ಮುಂದುವರಿಯಕೂಡದು. ನಾಲ್ಕು ವರ್ಷದಲ್ಲಿ ನಾನು ಆ ನೇಮವನ್ನು ಒಮ್ಮೆಯೂ ಮುರಿದಿರಲಿಲ್ಲ. ಅದನ್ನೊಂದು ಹೆಗ್ಗಳಿಕೆಯಾಗಿ ಹೇಳಿಕೊಳ್ಳುತ್ತಲೂ ಇದ್ದೆ.

ನಿಂಬೆವ್ವ ಬಿದ್ದ ಮೇಲೆ ಬುರುಜಿಗೆ ಪುರಸಭೆಯ ಜವಾನ ಪರಪ್ಪನನ್ನು ತಾತ್ಕಾಲಿಕವಾಗಿ ಹಾಕಿದ್ದರು. ಒಂಬತ್ತು ತಿಂಗಳೊಳಗೆ ನಿಂಬೆವ್ವ ತಿರುಗಿ ಬಾರದಿದ್ದರೆ ಆ ಕೆಲಸ ಅವನಿಗೇ ಕಾಯಂ ಎಂಬ ಠರಾವು ಇತ್ತು. ಆ ಗಡುವು ತುಂಬಲು ಎಂಟು ದಿನವಿರುವಾಗ ಪುರಸಭೆಯಿಂದ ಆಸ್ಪತ್ರೆಗೆ ಪತ್ರ ಬಂತು. ಎರಡೇ ಪ್ರಶ್ನೆ. ಆಕೆ ಬುರುಜು ಹತ್ತುವಷ್ಟು ನೆಟ್ಟಗೆ ನಡೆಯಬಲ್ಲಳೆ? ಮಟ್ಟ ಆಕೆಗೆ ಈಗಲೂ ತಿಳಿಯುತ್ತದೆಯೆ? ಮೊದಲನೆಯದಕ್ಕೆ ಅಳತೆಯಿತ್ತು: ಎಡಬಲ ಕಾಲುಗಳ ವ್ಯತ್ಯಾಸ ನೂರಕ್ಕೆ ಹದಿನೈದರ ಒಳಗಿರಬೇಕು. ಎರಡನೆಯದಕ್ಕೆ ನಮ್ಮ ಬಳಿ ಯಾವ ಸೆನ್ಸರೂ ಇರಲಿಲ್ಲ.

ಅಳತೆಯ ದಿನ ಆಕೆ ಹನ್ನೊಂದೂವರೆಗೇ ಬಂದಳು. ಜೊತೆಗೆ ಗಂಡ ಫಕೀರಪ್ಪ. ಬೆಣೆ ಕೆತ್ತುವ ಬಡಿಗ. ಊರಿನ ಅರ್ಧ ಮಂಚಗಳು ಅವನ ಕೈಯ ಬೆಣೆಯ ಮೇಲೆ ನಿಂತಿವೆ. ಜಾಗಟೆ ಆದ ಕೂಡಲೆ ಶುರು ಮಾಡಲು ಅನುಕೂಲವೆಂದು ಸೆನ್ಸರುಗಳನ್ನು ಚಾಲೂ ಮಾಡಿ ಕಟ್ಟಿದೆ. ಚಾಲೂ ಆದೊಡನೆ ಅವು ಎಲ್ಲವನ್ನೂ ಬರೆದಿಡುತ್ತವೆ; ಲೆಕ್ಕ ಮಾತ್ರ ನಾನು ಗುಂಡಿ ಒತ್ತಿದ ಮೇಲಿನದು. ಆರನೆಯದನ್ನು ತೊಡೆಗೆ ಕಟ್ಟೋಣವೆಂದರೆ ಪಟ್ಟಿ ಹರಿಯಿತು; ಕೆಳಗಿಟ್ಟೆ. ನಿಂಬೆವ್ವ ತನ್ನ ಕಾಲುಗಳನ್ನು ನೋಡಿಕೊಂಡು ಗಂಡನಿಗೆ ಹೇಳಿದಳು: “ಕೊರಳಿಗೆ ತಾಯತ ಕಟ್ಟೋದು ಕಂಡೀನಿ, ತೋಳಿಗೆ ಕಟ್ಟೋದು ಕಂಡೀನಿ. ಕಾಲಿಗೆ ಕಟ್ಟೋ ಮಂತ್ರವಾದಿ ಇವನೊಬ್ಬನ ನೋಡು.”

“ನಿನ್ನ ಬಾಯಿಗೊಂದು ಕಟ್ಟಾಕ ಹೇಳ್ತೀನಿ ತಡಿ,” ಎಂದ ಫಕೀರಪ್ಪ. “ದಿನಕ್ಕ ಎಷ್ಟ ಹೆಜ್ಜಿ ಹಾಕತೈತಿ ಅಂತ ಅದೂ ತಿಳೀಲಿ.”

ನಾನೂ ನಕ್ಕೆ. ಆಕೆ ಕಂಬಿ ಹಿಡಿದು ನಿಂತಳು. ಕಣ್ಣು ಮುಚ್ಚಿ ತಲೆಯನ್ನು ಒಂದಿಷ್ಟು ಓರೆ ಮಾಡಿದಳು. ಆಮೇಲೆ ಕಣ್ಣು ತೆರೆದು, “ಬಂತು ನೋಡು. ಈಗ ಮಟ್ಟ. ಶುರು ಮಾಡು ತಮ್ಮಾ,” ಎಂದಳು.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಲವತ್ತಾಗಿತ್ತು. “ಜಾಗಟಿ ಆಗ್ಲಿ ಅಕ್ಕಾರ. ಜಾಗಟಿ ಆಗೂತನಕ ಶುರು ಮಾಡಂಗಿಲ್ಲ, ನೇಮ ಐತ್ರಿ,” ಎಂದೆ.

“ಹತ್ತೊಂಬತ್ತ ವರ್ಷ ಜಾಗಟಿ ಹೊಡದಾಕಿಗೆ ಜಾಗಟಿ ಕಾಯಿ ಅಂತೀಯಲ್ಲೋ.”

“ಪಾದಕ್ಕ ಏನೂ ತಿಳಿಯಂಗಿಲ್ಲ ಅಂದಿದ್ರಲ್ರಿ?”

“ಪಾದ ಸತ್ತಾವು, ಖರೆ. ಆದ್ರ ಮಟ್ಟ ಆದಾಗ ಎರಡೂ ಟೊಂಕ ಸರಿಸಮ ಭಾರ ಹೊರ್ತಾವು. ಮೊದಲ ಪಾದ ಹೇಳತಿತ್ತು, ಈಗ ಟೊಂಕ ಹೇಳತೈತಿ. ಹೇಳಾವ್ರು ಬದಲಾಗ್ಯಾರ, ಸುದ್ದಿ ಅದ ಐತಿ.” ಹೀಗೆಂದು ಕೋಲು ಹಿಡಿದು ಕೋಣೆಯ ಉದ್ದಕ್ಕೆ ನಡೆದೇಬಿಟ್ಟಳು. ಹದಿನಾಲ್ಕು ಹೆಜ್ಜೆ. ಗೋಡೆ ಮುಟ್ಟಿ ತಿರುಗಿ ನಿಂತು, “ನೋಡಿದೇನು?” ಎಂದಳು. ನಾನು ನೋಡಿರಲಿಲ್ಲ. ಆಕೆಯ ಹೆಸರನ್ನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದೆ. “ಶಕ್ತಿ ಉಳಿಸ್ಕೊಳ್ರಿ ಅಕ್ಕಾರ, ಆಮ್ಯಾಲ ಬೇಕಾಗತೈತಿ,” ಎಂದೆ.

ಜಾಗಟೆ ಆದದ್ದು ಹನ್ನೆರಡೂವರೆಗೆ. ಅಷ್ಟು ಹೊತ್ತು ಬೆಂಚಿನ ಮೇಲೆ ಕುಳಿತಿದ್ದ ನಿಂಬೆವ್ವ ಆ ಪೆಟ್ಟು ಕೇಳಿ ಬೆಚ್ಚಿದಳು. “ಇದು ಎರಡ ಪೆಟ್ಟಿನ ಹೊತ್ತು. ಅದೂ ದಾಟಿ ಹೋಗೇತಿ. ಮಟ್ಟ ಬಂದು ಮುಗದು ಹೋತಲ್ಲೋ ತಮ್ಮಾ,” ಎಂದಳು. ನಾನು ಗುಂಡಿ ಒತ್ತಿದ್ದೆ. ಆಕೆ ನಡೆದಳು. ಆರು ನಿಮಿಷದ ನಡಿಗೆ, ವಿರಾಮ, ಮತ್ತೆ ಆರು ನಿಮಿಷ; ಹೋಗಿ ಬರುವುದರಲ್ಲಿ ಬಡಗಣಕ್ಕೆ ಹೋಗುವ ಹೆಜ್ಜೆಗಳನ್ನಷ್ಟೇ ಯಂತ್ರ ಎಣಿಸುತ್ತದೆ. ಹಣೆಯ ಮೇಲೆ ಬೆವರು, ಹಲ್ಲು ಕಚ್ಚಿದ ಮುಖ. ನಡೆಯುತ್ತಲೇ ಎರಡು ಸಲ ಹೇಳಿದಳು: “ನೆಲ ಪಡುವಣಕ್ಕ ಎಳಿಯಾಕ ಹತ್ತೇತಿ.” ಮುಗಿದ ಮೇಲೆ ಕುಳಿತು ನನ್ನ ಕೈ ಹಿಡಿದಳು. “ನಾ ಅಂದಿದ್ದನ್ನ ಬರಕೋ. ಮಟ್ಟ ಮುಗದಿತ್ತು ಅಂತ ಬರಕೋ. ನಾಳೆ ಅವ್ರು ಕೇಳ್ತಾರ.”

ಬರೆದುಕೊಂಡೆ. ಷರಾ ಎಂಬ ಕಡೆ, ನನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ: ‘ಮೊದಲ ಜಾಗಟೆ ಆದೊಡನೆಯೇ ನಡುಮಟ್ಟ ಮುಗಿದಿದೆ ಎಂದು ರೋಗಿ ಹೇಳುತ್ತಾರೆ. ನೆಲ ವಾಲುತ್ತಿದೆ ಎಂದು ಎರಡು ಬಾರಿ ಹೇಳಿದರು.’ ಆಕೆ ಹೇಳಿದ್ದರಲ್ಲಿ ಒಂದು ಮಾತನ್ನೂ ಬದಲಿಸಲಿಲ್ಲ.

ಆ ಬಳಿಕ ಆಸ್ಪತ್ರೆಯ ಮೆಸ್ಸಿಗೆ ಊಟಕ್ಕೆ ಹೋದೆ. ತಟ್ಟೆಯಲ್ಲಿ ಬಡಿಸಿದ ಸಾರು ಅನ್ನದ ಗುಡ್ಡೆಯನ್ನು ಬಳಸಿಕೊಂಡು ಪಡುವಣ ಬದಿಯ ಅಂಚಿಗೆ ಹೋಗಿ ನಿಂತಿತು. ಅಲ್ಲಿಂದ ಒಂದು ಎಳೆ ಮೇಜಿನ ಮೇಲೆ ಇಳಿಯಿತು. ಎದುರು ಕುಳಿತ ನರ್ಸು, “ಅಡಗಿಯಾಂವ ಇತ್ತಿತ್ಲಾಗ ಸಾರು ಭಾಳ ತೆಳ್ಳಗ ಮಾಡ್ತಾನ್ರಿ,” ಎಂದು ಗೊಣಗಿದಳು. ನಾನೂ ಹೌದೆಂದೆ. ಇಡೀ ಊರು ಕೆಲವು ತಿಂಗಳಿಂದ ತನ್ನ ತನ್ನ ಅಡುಗೆಯವರನ್ನು ಬೈಯುತ್ತಿತ್ತು. ಹೊಸ ಮನೆಗಳ ಬಾಗಿಲು ಕೂಡುತ್ತಿಲ್ಲವೆಂದು ಗೌಂಡಿಗಳನ್ನು ಬೈಯುತ್ತಿತ್ತು. ಜಾಗಟೆಯನ್ನು ಅನುಮಾನಿಸುವುದು ಯಾರಿಗೂ ಹೊಳೆಯಲಿಲ್ಲ. ನಮ್ಮ ಕಾಲುಗಳಿಗೆ ಬದಲಾಗಿ ನೆಲವನ್ನು ಅರಿಯಲೆಂದೇ ನಾವು ಜಾಗಟೆಯನ್ನು ಇಟ್ಟುಕೊಂಡವರು; ಅದನ್ನು ಅನುಮಾನಿಸಿ ನೋಡಲು ನಮ್ಮಲ್ಲಿ ಬೇರೆ ಅಳತೆ ಉಳಿದಿರಲಿಲ್ಲ.

ಅಂಕಿ ಬಂತು: ವ್ಯತ್ಯಾಸ ನೂರಕ್ಕೆ ಮೂವತ್ತೊಂದು. ಬಲ ಮೊಣಕಾಲು ಹೆಚ್ಚು ಮಡಿಯುತ್ತದೆ, ಎಡ ಪಾದ ಭಾರವಾಗಿ ಬೀಳುತ್ತದೆ, ಎರಡನೆಯ ನಡಿಗೆಯಲ್ಲಿ ಮೊದಲನೆಯದಕ್ಕಿಂತ ಕೆಟ್ಟಿದೆ. ಡಾಕ್ಟರ್ ಇಂದುಧರ ಹಾಳೆಯನ್ನು ಎರಡು ಸಲ ಓದಿದರು. “ಕಣ್ಣಿಗೆ ಇಷ್ಟು ಕೆಟ್ಟ ಕಾಣಂಗಿಲ್ಲಲ್ಲೋ ಸಂಗನಬಸು,” ಎಂದರು. “ಯಂತ್ರ ಕಣ್ಣಿಗಿಂತ ಸೂಕ್ಷ್ಮ ಅಲ್ರೀ ಸರ,” ಎಂದೆ. ಆ ವಾಕ್ಯವನ್ನು ನಾನು ಇಂದಿಗೂ ಮರೆತಿಲ್ಲ.

ಪುರಸಭೆಯ ಸಭೆಯಲ್ಲಿ ನಾನು ಹಿಂದೆ, ಬಾಗಿಲ ಬಳಿ ನಿಂತಿದ್ದೆ. ನಿಂಬೆವ್ವ ಮುಂದೆ ಕುರ್ಚಿಯಲ್ಲಿದ್ದಳು, ಕೋಲು ತೊಡೆಯ ಮೇಲೆ. ಮೊದಲು ಅಂಕಿಗಳನ್ನು ಓದಿದರು. ಇನ್ನೊಂದು ತಿಂಗಳ ವಾಯಿದೆ ಕೊಡೋಣವೆಂದು ಒಬ್ಬರು ಅಂದರು ಕೂಡ. ಆಮೇಲೆ ಗುಮಾಸ್ತ ನನ್ನ ಷರಾ ಓದಿದ. ನಿಂಬೆವ್ವ ಹಿಂದಕ್ಕೆ ತಿರುಗಿ ನನ್ನತ್ತ ನೋಡಿ ತಲೆಯಾಡಿಸಿದಳು. ಬರೆದದ್ದು ಒಳ್ಳೆಯದಾಯಿತು ಎಂಬ ಭಾವ ಆ ಮುಖದಲ್ಲಿತ್ತು. ಆಗಲೇ ಮುಂದಿನ ಸಾಲಿನ ಸದಸ್ಯರೊಬ್ಬರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಹೇಳಿದರು: “ಜಾಗಟಿ ಆದ ಮ್ಯಾಲ ಮಟ್ಟ ಮುಗದೈತಿ ಅಂತಾಳಂದ್ರ ಎರಡನೇ ಪ್ರಶ್ನಿಗೂ ಉತ್ತರ ಸಿಕ್ಕಂಗಾತಲ್ರೀ. ಅಕಿನ್ನ ಮ್ಯಾಲ ಹತ್ತಿಸಿದ್ರ ಊರ ತುಂಬ ಸಾರು ಚೆಲ್ಲತೈತಿ.”

ಎಲ್ಲರೂ ನಕ್ಕರು. ಗೋಡೆಗೊರಗಿ ನಿಂತಿದ್ದ ಪರಪ್ಪ ನಗಲಿಲ್ಲ. ಅವನು ತನ್ನ ಕೈಗಡಿಯಾರ ನೋಡಿಕೊಂಡ. ನಿಂಬೆವ್ವ ಇನ್ನೂ ನನ್ನತ್ತಲೇ ನೋಡುತ್ತಿದ್ದಳು. ಆಕೆಯ ಮುಖ ಬದಲಾದದ್ದನ್ನು ನಾನು ಕಂಡೆ. ಸಿಟ್ಟಿದ್ದರೆ ಸಹಿಸಬಹುದಾಗಿತ್ತು. ತನ್ನ ಮೈ ತನಗೇ ಸುಳ್ಳು ಹೇಳಿತೇ ಎಂದು ಆಕೆ ಆಗ ಮೊದಲ ಸಲ ಕೇಳಿಕೊಳ್ಳುತ್ತಿದ್ದಳು.

ಆಮೇಲೆ ಆಕೆ ವ್ಯಾಯಾಮಕ್ಕೆ ಬರುವುದನ್ನು ನಿಲ್ಲಿಸಿದಳು. ಒಂದು ವಾರ, ಎರಡು ವಾರ ಕಾದೆ. ಹೋಗಿ ಕರೆಯಬೇಕೆಂದು ಅನ್ನಿಸಿತ್ತು; ಏನೆಂದು ಕರೆಯುವುದೆಂದು ತಿಳಿಯದೆ ಹೋಗಲಿಲ್ಲ. ಒಮ್ಮೆ ಬಜಾರದಲ್ಲಿ ಫಕೀರಪ್ಪ ಸಿಕ್ಕ. “ಹೆಂಗದಾರ್ರೀ ಅಕ್ಕಾರು?” ಎಂದೆ. “ಮನ್ಯಾಗ ಅದಾಳ್ರಿ,” ಎಂದಷ್ಟೇ ಹೇಳಿ ಮರದ ತುಂಡುಗಳ ಗಂಟನ್ನು ಹೆಗಲು ಬದಲಿಸಿಕೊಂಡು ಹೋದ. ಹಾಗೆ ಏಳು ತಿಂಗಳು ಕಳೆದವು.

ಕಂಪ್ಯೂಟರಿನಲ್ಲಿ ಜಾಗ ತುಂಬಿತೆಂದು ಹಳೆಯ ಕಡತಗಳನ್ನು ಅಳಿಸುತ್ತ ಕುಳಿತಿದ್ದೆ. ಒಂದೊಂದನ್ನೂ ತೆರೆದು ನೋಡಿ ಅಳಿಸುವುದು ನನ್ನ ರೂಢಿ. ಉಳಿದವರ ಕಡತಗಳಲ್ಲಿ ಐದು ಗೆರೆಗಳು, ನಿಂಬೆವ್ವನದರಲ್ಲಿ ಆರು. ಆರನೆಯ ಗೆರೆಯನ್ನು ತೆರೆದೆ. ನೆಲದ ಮೇಲೆ ಬಿದ್ದಿದ್ದ ವಸ್ತುವಿನ ಗೆರೆ ನೇರವಾಗಿರಬೇಕಿತ್ತು. ನೇರವಾಗಿರಲಿಲ್ಲ. ಹನ್ನೊಂದೂವರೆಗೆ ಮೂಡಣದಿಂದ ಏಳುತ್ತ ಬಂದು, ಹನ್ನೊಂದು ನಲವತ್ತಕ್ಕೆ ಸೊನ್ನೆ ಮುಟ್ಟಿ, ಹನ್ನೆರಡು ಹತ್ತರವರೆಗೆ ಸೊನ್ನೆಯಲ್ಲೇ ನಿಂತು, ಆಮೇಲೆ ಪಡುವಣಕ್ಕೆ ಇಳಿದಿತ್ತು. ನಾನು ಗುಂಡಿ ಒತ್ತಿದ ಹೊತ್ತಿಗೆ ಮೂರು ಡಿಗ್ರಿ; ಎರಡನೆಯ ನಡಿಗೆ ಮುಗಿದಾಗ ಐದಕ್ಕೆ ಹತ್ತಿರ.

ಕುರ್ಚಿಯಿಂದ ಎದ್ದು ನಿಂತೆ, ಮತ್ತೆ ಕುಳಿತೆ. ಪಡುವಣಕ್ಕೆ ವಾಲಿದ ನೆಲದ ಮೇಲೆ ಬಡಗಣಕ್ಕೆ ನೆಟ್ಟಗೆ ನಡೆಯುವ ಯಾರಾದರೂ ಎತ್ತರದ ಬದಿಯ ಮೊಣಕಾಲನ್ನು ಮಡಿಸಲೇಬೇಕು. ತಗ್ಗಿನ ಬದಿಯ ಪಾದ ಭಾರವಾಗಿ ಬೀಳಲೇಬೇಕು. ನೆಲದ ತಪ್ಪನ್ನು ಯಂತ್ರ ಆಕೆಯ ಕಾಲಿನ ತಪ್ಪೆಂದು ಎಣಿಸಿತ್ತು. ಆಗ ಇನ್ನೊಂದು ನೆನಪಾಯಿತು. ಕಡತದಲ್ಲಿ ಹಿಂದಕ್ಕೆ ಹೋದೆ. ಹನ್ನೊಂದು ನಲವತ್ತೆರಡಕ್ಕೆ ಉಳಿದ ಐದೂ ಗೆರೆಗಳು ಒಮ್ಮೆಲೇ ಎದ್ದಿದ್ದವು: ಹದಿನಾಲ್ಕು ಹೆಜ್ಜೆ. ‘ನೋಡಿದೇನು?’ ಎಂದು ಆಕೆ ಕೇಳಿದ ಆ ಹದಿನಾಲ್ಕು ಹೆಜ್ಜೆ. ಅವುಗಳ ವ್ಯತ್ಯಾಸವನ್ನು ಲೆಕ್ಕ ಹಾಕಿಸಿದೆ. ನೂರಕ್ಕೆ ಒಂಬತ್ತು.

ಮುಂದಿನ ಮೂರು ದಿನ ಆರನೆಯ ಸೆನ್ಸರನ್ನು ನೆಲದ ಮೇಲಿಟ್ಟು ಕಾದೆ. ಋತು ಮಗ್ಗಲು ಬದಲಿಸಿದ್ದರಿಂದ ನಡುಮಟ್ಟ ಆಗ ಒಂದು ಗಂಟೆಗೆ ಬರುತ್ತಿತ್ತು. ಜಾಗಟೆ ಮಾತ್ರ ಮೂರೂ ದಿನ ಸರಿಯಾಗಿ ಹನ್ನೆರಡೂವರೆಗೇ ಆಯಿತು. ನಾಲ್ಕನೆಯ ದಿನ ಬುರುಜು ಹತ್ತಿದೆ. ತಾಮ್ರದ ತಟ್ಟೆ ಒಣಗಿತ್ತು. ಪರಪ್ಪ ಅದರಲ್ಲಿ ಎಲೆಅಡಿಕೆ ಇಟ್ಟುಕೊಂಡಿದ್ದ.

“ನೀರು ನೋಡಂಗಿಲ್ಲೇನೋ ಪರಪ್ಪಾ?” ಎಂದೆ.

“ನೀರು ಗಾಳಿಗೆ ಅಲ್ಲಾಡತೈತ್ರೀ ಸರ, ಅದನ್ನ ಯಾರು ನಂಬೋದು?” ಎಂದು ಕೈಗಡಿಯಾರ ಮುಂದೆ ಮಾಡಿದ. “ಇದು ಅತ್ತಾಗಿತ್ತಾಗ ಆಗಂಗಿಲ್ಲ. ಬಂದ ಮೊದಲನೇ ದಿನ ಮಟ್ಟ ಆದಾಗ ಹೊತ್ತು ನೋಡಿ ಇಟಗೊಂಡೀನಿ. ಹನ್ನೆರಡೂವರಿ. ಅವತ್ತಿನಿಂದ ಒಂದ ನಿಮಿಷ ತಪ್ಪಿಸಿಲ್ಲ.” ಅವನ ದನಿಯಲ್ಲಿ ಮೋಸವಿರಲಿಲ್ಲ. ಇದ್ದದ್ದು ಹೆಗ್ಗಳಿಕೆ. ಅದು ಎಲ್ಲೋ ಕೇಳಿದ ದನಿಯಂತಿತ್ತು. ಮೆಟ್ಟಿಲಿಳಿಯುವಾಗ ಅದು ನನ್ನದೇ ಎಂದು ಗೊತ್ತಾಯಿತು.

ಡಾಕ್ಟರ್ ಇಂದುಧರ ಹಳೆಯ ಅಂಕಿಗಳ ಹಾಳೆಯನ್ನೂ ಆರನೆಯ ಗೆರೆಯ ಹಾಳೆಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಹೋಲಿಸಿದರು. “ಆರನೇದನ್ನ ಅವತ್ತ ಯಾಕ ನೋಡ್ಲಿಲ್ಲೋ?” ಎಂದರು ಕೊನೆಗೆ.

“ಅದು ಯಾರ ಮೈಮ್ಯಾಲೂ ಇರ್ಲಿಲ್ರೀ ಸರ.”

“ಅಕಿ ಹೇಳಿದ್ಲಲ್ಲ.”

 ಅವರು ಅಂದೇ ಪುರಸಭೆಗೆ ಬರೆದರು. ಪುರಸಭೆ ನಾನು ಅಂದುಕೊಂಡದ್ದಕ್ಕಿಂತ ಬೇಗ ಉತ್ತರಿಸಿತು: ಹೊಸದಾಗಿ ಒಂದು ಅಳತೆಯಾಗಲಿ, ನಿಂಬೆವ್ವ ಪಾಸಾದರೆ ಬರುವ ಒಂದನೆಯ ತಾರೀಖಿನಿಂದ ಜಾಗಟೆ ಆಕೆಯದೇ. ಆ ಪತ್ರವನ್ನು ಕಿಸೆಯಲ್ಲಿಟ್ಟುಕೊಂಡು, ಸೆನ್ಸರುಗಳ ಪೆಟ್ಟಿಗೆಯನ್ನೂ ಲ್ಯಾಪ್‌ಟಾಪನ್ನೂ ಹಿಡಿದು, ಮರುದಿನ ಹನ್ನೆರಡಕ್ಕೆ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಹೆಚ್ಚುಕಡಿಮೆ ಓಡಿದೆ. ಏಳು ತಿಂಗಳನ್ನು ಆ ಒಂದು ಓಟದಲ್ಲಿ ತುಂಬಿಬಿಡಬಹುದೆಂದು ನಂಬಿದ್ದೆನೋ ಏನೋ.

ಫಕೀರಪ್ಪ ಬಾಗಿಲು ತೆರೆದ. ಪಡಸಾಲೆಯ ನಡುವೆ, ತೊಲೆಯ ಒಂದೇ ಕೊಂಡಿಯಿಂದ ಒಂದು ಕುರ್ಚಿ ತೂಗುತ್ತಿತ್ತು. ಒಳ್ಳೆಯ ಕೆಲಸ, ತೋಳಿಗೆ ಹೂಬಳ್ಳಿಯ ಕೆತ್ತನೆ. ಅದರಲ್ಲಿ ನಿಂಬೆವ್ವ ಕುಳಿತಿದ್ದಳು. ಒಂದೇ ಕೊಂಡಿಗೆ ತೂಗಿದ್ದರಿಂದ ಮನೆ ಯಾವ ಕಡೆ ವಾಲಿದರೂ ಕುರ್ಚಿ ವಾಲುತ್ತಿರಲಿಲ್ಲ. “ನೆಲದ ಮ್ಯಾಲ ಕುಂತ್ರ ಈಗ ಮಟ್ಟ, ಈಗ ಇಲ್ಲ ಅಂತ ಮೈ ಹೇಳತಿತ್ರಿ. ಅದು ಸುಳ್ಳು ಅಂತ ಅಳತಿದ್ಲು,” ಎಂದು ಫಕೀರಪ್ಪ ತಗ್ಗಿದ ದನಿಯಲ್ಲಿ ಹೇಳಿದ. “ಅದಕ್ಕ ಏನೂ ತಿಳೀದಂಗ ಇದನ್ನ ಮಾಡಿ ಕೊಟ್ಟೆ. ಅವತ್ತಿಂದ ಇದ್ರಾಗ ಅದಾಳು.”

ಕುರ್ಚಿಯ ಮುಂದೆ ಕುಳಿತು ಎಲ್ಲ ಹೇಳಿದೆ. ಗೆರೆಗಳಿದ್ದ ಹಾಳೆ ತೋರಿಸಿದೆ. ಆಕೆ ಹಾಳೆ ನೋಡಲಿಲ್ಲ. “ಎಷ್ಟ ವಾಲಿತ್ತು?” ಎಂದು ಕೇಳಿದಳು. “ಮೂರು ಡಿಗ್ರಿ, ಆಮ್ಯಾಲ ಐದು,” ಎಂದೆ. ಆಕೆಗೆ ಅರ್ಥವಾಗಲಿಲ್ಲ. ಮೂಲೆಯಲ್ಲಿದ್ದ ಫಕೀರಪ್ಪನ ಬೆಣೆಗಳಲ್ಲಿ ಒಂದನ್ನು ಆರಿಸಿ ಆಕೆಯ ಕೈಗೆ ಕೊಟ್ಟು, “ಇಷ್ಟು,” ಎಂದೆ. ಹೆಬ್ಬೆರಳಿನಿಂದ ಬೆಣೆಯ ಇಳಿಜಾರನ್ನು ಸವರಿದಳು. “ಹೌದು. ಇಷ್ಟ ಇತ್ತು,” ಎಂದಳು. ಆಮೇಲೆ ಬಹಳ ಮೆತ್ತಗೆ, “ನಾ ಅವತ್ತ ಹೇಳಿದ್ನಲ್ಲೋ ತಮ್ಮಾ,” ಎಂದಳು.

“ಹೇಳಿದ್ರಿ.”

“ನನ್ನ ನೆಲಕ್ಕಿಳಸ್ರಿ.”

ಇಬ್ಬರೂ ಹಿಡಿದು ಇಳಿಸಿ ಹಾಸುಗಲ್ಲಿನ ಮೇಲೆ ಕೂರಿಸಿದೆವು. ನಾನು ಆರನೆಯ ಸೆನ್ಸರನ್ನು ಆಕೆಯ ಪಕ್ಕದಲ್ಲಿ ಇಟ್ಟೆ. ಪರದೆಯನ್ನು ನನ್ನ ಕಡೆಗಷ್ಟೇ ತಿರುಗಿಸಿಕೊಂಡೆ. ಆಕೆ ಕಣ್ಣು ಮುಚ್ಚಿದಳು. ಹನ್ನೆರಡೂವರೆಗೆ ದೂರದಲ್ಲಿ ಜಾಗಟೆ ಆಯಿತು. ಆಕೆಯ ಹುಬ್ಬು ಒಮ್ಮೆ ಗಂಟಾಯಿತು, ಕಣ್ಣು ತೆರೆಯಲಿಲ್ಲ. ಓಣಿಯಲ್ಲಿ ತಟ್ಟೆ ಲೋಟಗಳ ಸದ್ದು ಎದ್ದಿತು, ಯಾರೋ ಯಾರನ್ನೋ ಸಾರು ಚೆಲ್ಲಿತೆಂದು ಬೈದರು, ಸದ್ದು ಅಡಗಿತು. ಪರದೆಯ ಮೇಲೆ ಮೂರು ಇದ್ದದ್ದು ಎರಡಾಯಿತು, ಒಂದಾಯಿತು. “ಈಗ,” ಎಂದಳು ನಿಂಬೆವ್ವ. ಪರದೆಯ ಮೇಲೆ ಸೊನ್ನೆ ಬಿದ್ದಿತ್ತು.

ಪರದೆಯನ್ನು ಆಕೆಯ ಕಡೆ ತಿರುಗಿಸಿದೆ. ಸೊನ್ನೆ ಆಕೆಗೆ ಓದಲು ಬರು‌ತ್ತಿತ್ತು. ಫಕೀರಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡ. ಆಕೆ ಅಂಗೈಯನ್ನು ಹಾಸುಗಲ್ಲಿನ ಮೇಲೆ ಊರಿ, “ಎಬ್ಬಿಸ್ರಿ. ಅರ್ಧ ತಾಸಷ್ಟ ಐತಿ,” ಎಂದಳು.

ಪಟ್ಟಾಗಳನ್ನು ತಂದು ಕಟ್ಟಿದೆವು. ಕೊನೆಯ ತೂತಿಗೆ ಬಿಗಿದರೂ ಅವು ಸಡಿಲವಾಗಿಯೇ ಉಳಿದವು. ಕಾಲುಗಳು ಅಷ್ಟು ಸಣ್ಣಗಾಗಿದ್ದವು. ಮೊಣಕಾಲ ಹಿಂದಿನ ನರಗಳು ಗಟ್ಟಿಯಾಗಿ ಕಾಲು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಬೆನ್ನುಹುರಿಗೆ ಪೆಟ್ಟಾದವರು ಕಷ್ಟಪಟ್ಟು ಗಳಿಸಿದ ನಡಿಗೆಯನ್ನು ದಿನವೂ ನಡೆದೇ ಉಳಿಸಿಕೊಳ್ಳಬೇಕು. ಅದನ್ನು ಹೊಸ ರೋಗಿಗಳಿಗೆ ಹೇಳುವವನೇ ನಾನು. ಐದು ಸೆನ್ಸರುಗಳನ್ನು ಕಟ್ಟಿದೆ. ಈ ಸಲ ಆಕೆ ತಾಯತದ ಮಾತು ಎತ್ತಲಿಲ್ಲ. ಕೋಲು ಊರಿ, ಒಂದು ಹೆಜ್ಜೆ ಇಟ್ಟಳು. ಎರಡನೆಯದಕ್ಕೆ ಇಡೀ ಮೈ ನಡುಗಿತು. ಮೂರನೆಯದು ಹೆಜ್ಜೆಯಾಗಲಿಲ್ಲ; ಫಕೀರಪ್ಪ ತೋಳಲ್ಲಿ ಹಿಡಿದುಕೊಂಡ. ಇನ್ನೊಮ್ಮೆ ಎಂದಳು. ಇನ್ನೊಮ್ಮೆಯೂ ಎರಡೇ. ಅರ್ಧ ತಾಸು ತೀರುವವರೆಗೆ ಆರು ಸಲ ಎದ್ದಳು. ಅರವತ್ತೆರಡು ಮೆಟ್ಟಿಲುಗಳ ಮಾತನ್ನು ಯಾರೂ ಆಡಲಿಲ್ಲ.

ಫಕೀರಪ್ಪ ಹೆಂಡತಿಯನ್ನು ಕುರ್ಚಿಯ ಕಡೆ ಒಯ್ಯಹೊರಟ. “ಅದು ಬ್ಯಾಡ, ಕೆಳಗ ಇರ್ತೀನಿ,” ಎಂದಳು ಆಕೆ. ಅವನು ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟ. ನಾನು ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚಿದೆ. ಅಂಕಿಗಳು ಪರದೆಯ ಮೇಲಿದ್ದವು. ನೆಲದ ಗೆರೆ ಅವುಗಳ ಕೆಳಗೆ ಕದಲದೆ ಸೊನ್ನೆಯಲ್ಲಿತ್ತು. ಈ ಸಲ ತಪ್ಪನ್ನು ನೆಲದ ಮೇಲೆ ಹೊರಿಸುವಂತಿರಲಿಲ್ಲ. ಹಾಳೆ ತೆಗೆದು ಹೆಸರು, ತಾರೀಖು, ಹೊತ್ತು ತುಂಬಿಸಿದೆ. ಷರಾ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

ನಿಂಬೆವ್ವ ಅದನ್ನು ಗಮನಿಸಿದಳು. “ನಾ ಅಂದಿದ್ದನ್ನ ಬರಕೋತೀಯಲ್ಲ?” ಎಂದಳು.

“ಏನಂತ ಬರೀಲ್ರಿ ಅಕ್ಕಾರ?”

ಆಕೆಯ ಅಂಗೈ ಇನ್ನೂ ಹಾಸುಗಲ್ಲಿನ ಮೇಲಿತ್ತು. “ಮಟ್ಟ ಇತ್ತು ಅಂತ ಬರಿ,” ಎಂದಳು.